ಕಾವಲಿಗೆ ನಿಂತ ಮುದಿ ಹಡಗು



ಎರಡನೇ ಮಹಾಯುದ್ಧದ ಸಮುದ್ರ ಸಮರ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಥಟ್ಟನೆ ನೆನಪಾಗುವುದು ದೊಡ್ಡ ಹೆಸರುಗಳು. ಬಿಸ್ಮಾರ್ಕ್, ಹುಡ್, ಪರ್ಲ್ ಹಾರ್ಬರ್, ಮಿಡ್‌ವೇ. ಇವತ್ತು ನಾನು ಮಾತಾಡಲಿರುವುದು ಅಂಥ ಹೆಸರಿಲ್ಲದ ಒಂದು ಹಡಗಿನ ಬಗ್ಗೆ. ಯುದ್ಧ ಶುರುವಾಗುವ ಹೊತ್ತಿಗೇ ಅದಕ್ಕೆ ವಯಸ್ಸಾಗಿತ್ತು. ಅದನ್ನು ಕಟ್ಟಿದ ಉದ್ದೇಶ ಒಂದು, ಅದು ಮಾಡಬೇಕಾಗಿ ಬಂದ ಕೆಲಸ ಇನ್ನೊಂದು. ಆದರೂ ಯುದ್ಧದ ಮೊದಲ ತಿಂಗಳಿನಿಂದ ಕೊನೆಯವರೆಗೂ ಅದು ಸರಕು ಹಡಗುಗಳ ಪಕ್ಕದಲ್ಲಿ ನಿಂತು ಕಾವಲು ಕಾಯಿತು.

ಬ್ರಿಟಿಷ್ ನೌಕಾಪಡೆಯ ಆ ಡೆಸ್ಟ್ರಾಯರಿನ ಹೆಸರು ‘ವಾಕರ್’. ಸ್ಕಾಟ್ಲೆಂಡಿನ ಡಂಬಾರ್ಟನ್ ಊರಿನಲ್ಲಿ ವಿಲಿಯಂ ಡೆನ್ನಿ ಕಂಪನಿಯವರು ಕಟ್ಟಿದ ಹಡಗು. 1917ರ ನವೆಂಬರ್ ತಿಂಗಳಲ್ಲಿ ನೀರಿಗಿಳಿಯಿತು. ಆಗ ನಡೆಯುತ್ತಿದ್ದುದು ಮೊದಲನೇ ಮಹಾಯುದ್ಧ. ‘ವಿ’ ಮತ್ತು ‘ಡಬ್ಲ್ಯೂ’ ಅಕ್ಷರಗಳಿಂದ ಹೆಸರು ಶುರುವಾಗುವ ಅರವತ್ತಕ್ಕೂ ಹೆಚ್ಚು ಡೆಸ್ಟ್ರಾಯರುಗಳನ್ನು ಬ್ರಿಟನ್ ಆ ಕಾಲದಲ್ಲಿ ಒಂದರ ಹಿಂದೊಂದು ಕಟ್ಟಿಸಿತು. ವಾಕರ್ ಅವುಗಳಲ್ಲೊಂದು. ಉದ್ದ 312 ಅಡಿ, ಅಗಲ 30 ಅಡಿಗೂ ಕಡಿಮೆ. ಅಷ್ಟು ಸಪೂರ ಒಡಲಿನೊಳಗೆ 27,000 ಅಶ್ವಶಕ್ತಿಯ ಟರ್ಬೈನುಗಳು. ವೇಗ 34 ನಾಟ್, ಅಂದರೆ ನಮ್ಮ ಲೆಕ್ಕದಲ್ಲಿ ಗಂಟೆಗೆ 60 ಕಿಲೋಮೀಟರಿಗೂ ಮೇಲೆ. ಉತ್ತರ ಸಮುದ್ರದಲ್ಲಿ ಜರ್ಮನ್ ನೌಕಾಪಡೆ ಎದುರಾದರೆ ಮುನ್ನುಗ್ಗಿ ಟಾರ್ಪೆಡೊ ಹೊಡೆದು ಅಷ್ಟೇ ಬೇಗ ಹಿಂದೆ ಸರಿಯಬೇಕು, ಇದಕ್ಕೆಂದೇ ಕಟ್ಟಿದ ಹಡಗು ಅದು. ಒಂದೆರಡು ದಿನ ಓಡಾಡಿ ಬಂದರಿಗೆ ಮರಳಿದರೆ ಸಾಕಿತ್ತು. ಆದ್ದರಿಂದ ಎಣ್ಣೆ ತುಂಬುವ ಜಾಗವೂ ಅಷ್ಟಕ್ಕಷ್ಟೆ, ಜನ ಮಲಗುವ ಜಾಗವೂ ಅಷ್ಟಕ್ಕಷ್ಟೆ.

1919ರಲ್ಲಿ ಬಾಲ್ಟಿಕ್ ಸಮುದ್ರದಲ್ಲಿ ಬೊಲ್ಷೆವಿಕ್ ಹಡಗುಗಳೊಂದಿಗೆ ಗುಂಡಿನ ಚಕಮಕಿ ನಡೆಸಿದ್ದು ಬಿಟ್ಟರೆ ಮುಂದಿನ ಇಪ್ಪತ್ತು ವರ್ಷ ಅದರ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಇಲ್ಲ. 1939ರಲ್ಲಿ ಮತ್ತೆ ಯುದ್ಧ ಬಂತು. ಬ್ರಿಟನ್ನಿನ ಬಳಿ ಹೊಸ ಡೆಸ್ಟ್ರಾಯರುಗಳಿದ್ದವು, ಆದರೆ ಸಾಲದಷ್ಟು. ಹೊಸವು ದೊಡ್ಡ ಯುದ್ಧನೌಕೆಗಳ ಜೊತೆ ಹೋದವು. ಹಳೆಯವುಗಳ ಪಾಲಿಗೆ ಬಂದದ್ದು ಯಾರೂ ಅಷ್ಟಾಗಿ ಬಯಸದ ಕೆಲಸ, ಸರಕು ಹಡಗುಗಳ ಬೆಂಗಾವಲು.

ವಾಕರ್‌ಗೆ ಶುರುವೇ ಚೆನ್ನಾಗಿರಲಿಲ್ಲ. ಯುದ್ಧ ಘೋಷಣೆಯಾಗಿ ಎರಡನೇ ವಾರ, ಸೆಪ್ಟೆಂಬರ್ 11ರಂದು, ತನ್ನದೇ ವರ್ಗದ ‘ವ್ಯಾಂಕ್ವಿಶರ್’ ಎಂಬ ಡೆಸ್ಟ್ರಾಯರಿಗೆ ಡಿಕ್ಕಿ ಹೊಡೆಯಿತು. ಹಲವು ನಾವಿಕರು ಸತ್ತರು. ಶತ್ರುವಿನ ಮುಖ ನೋಡುವ ಮೊದಲೇ ಆದ ಸಾವುಗಳು ಇವು. ದೀಪವಿಲ್ಲದೆ, ಹತ್ತಿರ ಹತ್ತಿರ, ಕಡಲಿನ ಕತ್ತಲಲ್ಲಿ ಹಡಗು ನಡೆಸುವ ಈ ಕೆಲಸದಲ್ಲಿ ಅಪಾಯ ಯಾವ ಕಡೆಯಿಂದಾದರೂ ಬರಬಹುದಿತ್ತು. ರಿಪೇರಿಯಾಗಿ ಹೊರಬಂದ ಹಡಗನ್ನು 1940ರ ಏಪ್ರಿಲ್‌ನಲ್ಲಿ ನಾರ್ವೆಗೆ ಕಳಿಸಿದರು. ಅದಾದ ಮೇಲೆ ಅಟ್ಲಾಂಟಿಕ್.

ಅಟ್ಲಾಂಟಿಕ್ ಕೇಳಿದ್ದು ವೇಗವನ್ನಲ್ಲ. ಕೆನಡಾದ ಹ್ಯಾಲಿಫ್ಯಾಕ್ಸ್‌ನಿಂದ ಲಿವರ್‌ಪೂಲ್‌ಗೆ ಗೋಧಿ, ಮಾಂಸ, ಮರ, ಪೆಟ್ರೋಲು, ಮದ್ದುಗುಂಡು ಹೊತ್ತ ನಲವತ್ತು ಐವತ್ತು ಹಡಗುಗಳು ಒಟ್ಟಾಗಿ ಬರುತ್ತಿದ್ದವು. ಬ್ರಿಟನ್ ದ್ವೀಪದ ದೇಶ. ಈ ಹಡಗುಗಳು ಬಾರದಿದ್ದರೆ ಅಲ್ಲಿ ಒಲೆಯೂ ಉರಿಯುವುದಿಲ್ಲ, ವಿಮಾನವೂ ಹಾರುವುದಿಲ್ಲ. ಗುಂಪಿನ ವೇಗ ಒಂಬತ್ತು ಹತ್ತು ನಾಟ್. 34 ನಾಟ್ ಓಡಬಲ್ಲ ಡೆಸ್ಟ್ರಾಯರ್ ಆ ಗುಂಪಿನ ಸುತ್ತ ದಿನಗಟ್ಟಲೆ ಅಂಕುಡೊಂಕಾಗಿ ಸುತ್ತುತ್ತಿರಬೇಕು. ಎಣ್ಣೆ ಎಷ್ಟಿದೆ ಎಂಬುದೇ ಕ್ಯಾಪ್ಟನ್ನನ ನಿದ್ದೆ ಕೆಡಿಸುವ ಚಿಂತೆ. ಒಮ್ಮೆ ಜಲಾಂತರ್ಗಾಮಿಯ ಬೆನ್ನಟ್ಟಿ ಪೂರ್ತಿ ವೇಗದಲ್ಲಿ ಓಡಿದರೆ, ಊರು ಮುಟ್ಟುವಷ್ಟು ಎಣ್ಣೆ ಉಳಿಯುತ್ತದೋ ಇಲ್ಲವೋ ಎಂದು ಲೆಕ್ಕ ಹಾಕಬೇಕಿತ್ತು.

ಒಳಗಿನ ಬದುಕು ಹೇಗಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಟ್ಟುವಾಗ ಸುಮಾರು 110 ಜನರಿಗೆಂದು ಲೆಕ್ಕ ಹಾಕಿದ್ದ ಹಡಗು ಅದು. ಯುದ್ಧಕಾಲದಲ್ಲಿ ಹೊಸ ಯಂತ್ರ, ಹೊಸ ಆಯುಧ ಬಂದಂತೆಲ್ಲ ಅವನ್ನು ನಡೆಸುವವರೂ ಬಂದು ಸೇರಿಕೊಂಡರು. ನಾವಿಕರು ಮುಂಭಾಗದ ಕೋಣೆಗಳಲ್ಲಿ ಬಟ್ಟೆಯ ತೂಗುಮಂಚ ಕಟ್ಟಿಕೊಂಡು ಮಲಗುತ್ತಿದ್ದರು. ಅಧಿಕಾರಿಗಳ ಕೋಣೆಗಳು ಹಿಂಭಾಗದಲ್ಲಿ. ಮುಂದಿನಿಂದ ಹಿಂದಕ್ಕೆ ಹೋಗಲು ಒಳಗಿಂದ ದಾರಿಯಿಲ್ಲ, ತೆರೆದ ಡೆಕ್ಕಿನ ಮೇಲೇ ನಡೆಯಬೇಕು. ಬಿರುಗಾಳಿ ಎದ್ದಾಗ ಉದ್ದಕ್ಕೂ ಹಗ್ಗ ಕಟ್ಟುತ್ತಿದ್ದರು. ಒಂದು ಅಲೆ ಹೋಗಿ ಇನ್ನೊಂದು ಬರುವ ನಡುವಿನ ಗಳಿಗೆ ನೋಡಿಕೊಂಡು ಆ ಹಗ್ಗ ಹಿಡಿದು ಓಡಬೇಕು. ಎಷ್ಟೋ ಸಲ ಅದೂ ಸಾಧ್ಯವಾಗದೆ, ಪಾಳಿ ಮುಗಿದವನು ಇದ್ದಲ್ಲೇ ಉಳಿಯಬೇಕಾಗುತ್ತಿತ್ತು. ಹಡಗು ನಡೆಸುವ ಕಟ್ಟೆಗೂ ಮೇಲೆ ಚಾವಣಿಯಿಲ್ಲ. ಚಳಿಗಾಲದ ಅಟ್ಲಾಂಟಿಕ್ಕಿನಲ್ಲಿ ಕ್ಯಾಪ್ಟನ್, ಕಾವಲು ಅಧಿಕಾರಿ, ದುರ್ಬೀನು ಹಿಡಿದ ನಾವಿಕರು ಎಲ್ಲರೂ ಗಾಳಿಮಳೆಗೆ ಮುಖವೊಡ್ಡಿ ನಾಲ್ಕು ತಾಸು ನಿಲ್ಲಬೇಕು. ಹೊರಳಾಟ ಜಾಸ್ತಿಯಾದರೆ ಅಡುಗೆಮನೆಯ ಒಲೆ ಆರಿಸುತ್ತಿದ್ದರು. ಆಮೇಲೆ ಡಬ್ಬಿಯ ಮಾಂಸ, ಗಟ್ಟಿ ಬಿಸ್ಕತ್ತು. ಸಪೂರ ಒಡಲಿನ ಹಡಗಾದ್ದರಿಂದ ಹೊರಳಾಟ ವಿಪರೀತ. ಹಾಸಿಗೆ, ಬಟ್ಟೆ, ನೆಲ ಯಾವುದೂ ಒಣಗುತ್ತಿರಲಿಲ್ಲ. ಯುದ್ಧದ ಬಗ್ಗೆ ಬರೆಯುವವರು ಟಾರ್ಪೆಡೊ ಹಾರಿದ ರಾತ್ರಿಗಳ ಬಗ್ಗೆ ಬರೆಯುತ್ತಾರೆ. ಆ ಜನ ತಮ್ಮ ಬದುಕಿನ ಹೆಚ್ಚಿನ ಭಾಗವನ್ನು ಕಳೆದದ್ದು ಮಾತ್ರ ಈ ತೇವದಲ್ಲಿ, ಈ ಕಾಯುವಿಕೆಯಲ್ಲಿ.

ಇನ್ನು ಶತ್ರುವಿನ ಮಾತು. ನೀರಿನಡಿ ಇರುವ ಜಲಾಂತರ್ಗಾಮಿಯನ್ನು ಹುಡುಕಲು ಬ್ರಿಟಿಷರ ಬಳಿ ‘ಆಸ್ಡಿಕ್’ ಎಂಬ ಯಂತ್ರವಿತ್ತು. ಈಗ ನಾವು ಸೋನಾರ್ ಎನ್ನುವುದು ಅದನ್ನೇ. ಬಾವಿಗೆ ಬಗ್ಗಿ ಕೂಗಿದರೆ ದನಿ ಮರಳಿ ಬರುತ್ತದಲ್ಲ, ಹಾಗೆ ಹಡಗಿನ ತಳದಿಂದ ಹೊರಟ ಶಬ್ದ ಏನಕ್ಕಾದರೂ ತಾಗಿದರೆ ಹಿಂತಿರುಗುತ್ತದೆ. ಎಷ್ಟು ಹೊತ್ತಿಗೆ ಮರಳಿತು ಎಂಬುದರ ಮೇಲೆ ದೂರ ಗೊತ್ತಾಗುತ್ತದೆ. ಆದರೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತವನಿಗೆ ಜಲಾಂತರ್ಗಾಮಿಯ ಪ್ರತಿಧ್ವನಿಯೂ ಒಂದೇ, ಮೀನಿನ ಹಿಂಡಿನದೂ ಒಂದೇ ಎನ್ನುವಷ್ಟು ಹತ್ತಿರದ ದನಿ. ಇನ್ನೊಂದು ಹಡಗು ಆಗಷ್ಟೇ ಕದಡಿ ಹೋದ ನೀರೂ ಹಾಗೇ ಕೇಳಿಸುತ್ತದೆ. ಬೇರ್ಪಡಿಸುವುದು ಅವನ ಅನುಭವ. ಇದಕ್ಕೂ ದೊಡ್ಡ ತೊಂದರೆ ಎಂದರೆ, ತೀರ ಹತ್ತಿರ ಬಂದಾಗ ಪ್ರತಿಧ್ವನಿ ಸಿಗದೆ ಹೋಗುತ್ತಿತ್ತು. ಡೆಪ್ತ್ ಚಾರ್ಜ್ ಎಂಬ ಸಿಡಿಮದ್ದಿನ ಪೀಪಾಯಿಗಳನ್ನು ಹಡಗಿನ ಹಿಂಭಾಗದಿಂದ ಉರುಳಿಸಬೇಕು. ಅವು ಮುಳುಗುತ್ತಾ ಹೋಗಿ, ಮೊದಲೇ ಹೊಂದಿಸಿದ ಆಳದಲ್ಲಿ ನೀರಿನ ಒತ್ತಡಕ್ಕೆ ಸಿಡಿಯುತ್ತವೆ. ಗುರಿಯ ದನಿ ತಪ್ಪಿಹೋದ ಗಳಿಗೆಯಿಂದ ಪೀಪಾಯಿ ಸಿಡಿಯುವವರೆಗಿನ ಅವಧಿಯಲ್ಲಿ ಜಲಾಂತರ್ಗಾಮಿ ಪಕ್ಕಕ್ಕೆ ಸರಿದುಬಿಡಬಹುದು. ಅನುಭವಿಗಳು ಸರಿಯುತ್ತಲೂ ಇದ್ದರು.

ಎಲ್ಲಕ್ಕಿಂತ ದೊಡ್ಡ ದೋಷ, ಆಸ್ಡಿಕ್‌ಗೆ ನೀರಿನ ಮೇಲಿದ್ದ ಜಲಾಂತರ್ಗಾಮಿ ಸಿಗುತ್ತಲೇ ಇರಲಿಲ್ಲ ಎನ್ನಬೇಕು. ಇದನ್ನು ಚೆನ್ನಾಗಿ ಅರಿತವನು ಜರ್ಮನಿಯ ಆಟೊ ಕ್ರೆಚ್ಮರ್. ಯು-99ರ ಕಮಾಂಡರ್. ರಾತ್ರಿ ಹೊತ್ತು ಮುಳುಗದೆ, ನೀರಿನ ಮೇಲೆಯೇ, ಬೆಂಗಾವಲಿನ ಸಂದಿಯಿಂದ ನುಸುಳಿ ಸರಕು ಹಡಗುಗಳ ಸಾಲಿನ ನಡುವೆಯೇ ಹೋಗಿಬಿಡುತ್ತಿದ್ದ. ಒಂದು ಹಡಗಿಗೆ ಒಂದೇ ಟಾರ್ಪೆಡೊ, ಇದು ಅವನ ಪದ್ಧತಿ. 1941ರ ವಸಂತದ ಹೊತ್ತಿಗೆ ಜರ್ಮನಿಯ ಮನೆಮನೆಗೂ ಗೊತ್ತಿದ್ದ ಜಲಾಂತರ್ಗಾಮಿ ವೀರರು ಮೂವರು. ಕ್ರೆಚ್ಮರ್, ಗುಂಟರ್ ಪ್ರೀನ್, ಯೊವಾಕಿಂ ಶೆಪ್ಕೆ. ಪ್ರೀನ್ ಮತ್ತು ಅವನ ಯು-47 ಮಾರ್ಚ್ ಮೊದಲ ವಾರ ಕಳೆಯುತ್ತಿದ್ದಂತೆ ಅಟ್ಲಾಂಟಿಕ್ಕಿನಲ್ಲಿ ಕಣ್ಮರೆಯಾದರು.

ಅದೇ ತಿಂಗಳು ಹ್ಯಾಲಿಫ್ಯಾಕ್ಸ್‌ನಿಂದ ಎಚ್‌ಎಕ್ಸ್ 112 ಎಂಬ ಗುಂಪು ಹೊರಟಿತ್ತು. 41 ಹಡಗುಗಳು, ಅವುಗಳಲ್ಲಿ ಎಣ್ಣೆ ತುಂಬಿದ ಟ್ಯಾಂಕರುಗಳೂ ಸಾಕಷ್ಟು. ಐಸ್‌ಲೆಂಡಿನ ದಕ್ಷಿಣಕ್ಕೆ ಅದನ್ನು ಕಾಯುತ್ತಿದ್ದದ್ದು ಏಳು ಹಡಗುಗಳ ಒಂದು ಬೆಂಗಾವಲು ಪಡೆ. ಮುಂದಾಳು ವಾಕರ್. ಅದರ ಕಮಾಂಡರ್ ಡೊನಾಲ್ಡ್ ಮ್ಯಾಕಿಂಟೈರ್ ಆ ಹಡಗಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಜೊತೆಗೆ ವ್ಯಾನಕ್, ವಾಲಂಟಿಯರ್, ಸಾರ್ಡೊನಿಕ್ಸ್, ಸಿಮಿಟರ್ ಎಂಬ ನಾಲ್ಕು ಡೆಸ್ಟ್ರಾಯರುಗಳು, ಬ್ಲೂಬೆಲ್ ಮತ್ತು ಹೈಡ್ರೇಂಜಿಯ ಎಂಬ ಎರಡು ಸಣ್ಣ ಕಾರ್ವೆಟ್ ಹಡಗುಗಳು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ಐದೂ ಡೆಸ್ಟ್ರಾಯರುಗಳು ನೀರಿಗಿಳಿದದ್ದು 1917ರಿಂದ 1919ರ ಒಳಗೆ. ಐದಕ್ಕೆ ಐದೂ ಮುದಿ ಹಡಗುಗಳು. ಜರ್ಮನಿಯ ಹೆಸರಾಂತ ಜಲಾಂತರ್ಗಾಮಿಗಳಿಗೆ ಎದುರಾಗಿ ನಿಂತದ್ದು ಇವು.

ಮಾರ್ಚ್ 15ರ ರಾತ್ರಿ ಯು-110ರಿಂದ ಮೊದಲ ಟಾರ್ಪೆಡೊ ಬಂತು. ‘ಎರೊಡೊನ’ ಎಂಬ ಟ್ಯಾಂಕರಿಗೆ ತಾಗಿ, ಆಕಾಶಕ್ಕೆ ಜ್ವಾಲೆ ಎದ್ದಿತು. ಮರುದಿನ ಸಂಜೆ ಸಿಮಿಟರ್‌ನ ಕಾವಲಿನವರಿಗೆ ದೂರದಲ್ಲಿ ನೀರಿನ ಮೇಲಿದ್ದ ಒಂದು ಜಲಾಂತರ್ಗಾಮಿ ಕಂಡಿತು. ವಾಕರ್, ವ್ಯಾನಕ್, ಸಿಮಿಟರ್ ಮೂರೂ ಅತ್ತ ಓಡಿದವು. ಅದು ಮುಳುಗಿತು. ಇವು ಹುಡುಕಿದವು, ಡೆಪ್ತ್ ಚಾರ್ಜ್ ಉರುಳಿಸಿದವು, ಏನೂ ಗಿಟ್ಟಲಿಲ್ಲ. ಅತ್ತ ಗುಂಪಿನ ಸುತ್ತ ಕಾವಲು ತೆಳುವಾಯಿತು.

ರಾತ್ರಿ ಹತ್ತರ ಸುಮಾರಿಗೆ ಕ್ರೆಚ್ಮರ್ ಒಳಗೆ ನುಸುಳಿದ. ಆ ಒಂದು ರಾತ್ರಿ ಅವನ ಟಾರ್ಪೆಡೊ ತಾಗಿದ ಹಡಗುಗಳು ಆರು. ಫರ್ಮ್, ಬೆಡುಯಿನ್, ಫ್ರಾಂಶ್ ಕೊಂಟೆ, ವೆನೆಷಿಯ, ಜೆ.ಬಿ. ವೈಟ್, ಕೋರ್ಸ್‌ಹಾಮ್ನ್. ಇವುಗಳಲ್ಲಿ ಫ್ರಾಂಶ್ ಕೊಂಟೆ ಒಂದು ಮಾತ್ರ ಹೇಗೋ ಉಳಿಯಿತು. ಹೆಸರುಗಳನ್ನು ನಾನು ಬೇಕೆಂದೇ ಒಂದೊಂದಾಗಿ ಹೇಳಿದೆ. ಯುದ್ಧದ ಪುಸ್ತಕಗಳಲ್ಲಿ ಇವು ಬರೀ ಟನ್ನುಗಳ ಲೆಕ್ಕವಾಗಿ ಉಳಿದಿವೆ. ಒಂದೊಂದರಲ್ಲೂ ಜನರಿದ್ದರು. ಯುದ್ಧ ಮಾಡಲು ಬಂದವರಲ್ಲ ಅವರು, ಸಂಬಳಕ್ಕೆ ಹಡಗು ನಡೆಸಲು ಬಂದವರು.

ಮ್ಯಾಕಿಂಟೈರ್‌ಗೆ ಕೈಕಟ್ಟಿ ಹಾಕಿದಂತಾಗಿತ್ತು. ಹಡಗುಗಳು ಒಂದಾದ ಮೇಲೊಂದು ಸ್ಫೋಟಿಸುತ್ತಿವೆ, ಹೊಡೆಯುವವನು ಎಲ್ಲಿದ್ದಾನೆಂದು ಮಾತ್ರ ಗೊತ್ತಿಲ್ಲ. ಗುಂಪಿನ ಅಂಚಿನಲ್ಲಿ ನಿಧಾನವಾಗಿ ಬಾಗುತ್ತಾ ಹೋಗಿ ನೀರಿನ ಮೇಲೆ ಬಿಳಿ ಗೆರೆಯೇನಾದರೂ ಕಾಣುತ್ತದೋ ಎಂದು ನೋಡುವುದೊಂದೇ ಅವನಿಗೆ ಉಳಿದಿದ್ದ ಉಪಾಯ. ಯಂತ್ರವಲ್ಲ, ದುರ್ಬೀನು ಮತ್ತು ಕಣ್ಣು. ಮಧ್ಯರಾತ್ರಿ ಕಳೆದ ಮೇಲೆ ಕಂಡಿತು. ಅದು ಶೆಪ್ಕೆಯ ಯು-100. ವಾಕರ್ ತನ್ನ ಹಳೆಯ ಟರ್ಬೈನುಗಳನ್ನೆಲ್ಲ ಎಬ್ಬಿಸಿ ಓಡಿತು. ಜಲಾಂತರ್ಗಾಮಿ ಮುಳುಗುತ್ತಿದ್ದ ಜಾಗದಲ್ಲೇ ಹತ್ತು ಡೆಪ್ತ್ ಚಾರ್ಜ್ ಬಿದ್ದವು. ವ್ಯಾನಕ್ ಕೂಡ ಬಂದು ಸೇರಿತು. ಎರಡೂ ಸರದಿಯ ಮೇಲೆ ಹೊಡೆದವು. ಒಳಗೆ ನೀರು ನುಗ್ಗಿ, ಯಂತ್ರ ಕೆಟ್ಟು, ಯು-100 ಮೇಲಕ್ಕೆ ಬರಲೇಬೇಕಾಯಿತು.

ಮೇಲೆ ಬಂದದ್ದನ್ನು ಆ ಕತ್ತಲಲ್ಲಿ ಮೊದಲು ಪತ್ತೆ ಹಚ್ಚಿದ್ದು ವ್ಯಾನಕ್‌ನಲ್ಲಿ ಹೊಸದಾಗಿ ಕೂರಿಸಿದ್ದ ರಾಡಾರ್. ತೀರ ಆರಂಭದ ಕಾಲದ ಯಂತ್ರ ಅದು. ಅದರ ಆಂಟೆನಾ ತಿರುಗುತ್ತಲೂ ಇರಲಿಲ್ಲ. ಆದರೂ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿದ್ದ ವಸ್ತುವನ್ನು ತೋರಿಸಿತು. ವ್ಯಾನಕ್ ನೇರ ನುಗ್ಗಿ ತನ್ನ ಮೂತಿಯಿಂದಲೇ ಯು-100ಕ್ಕೆ ಗುದ್ದಿತು. ಮೇಲಿನ ಕಟ್ಟೆಯಲ್ಲಿ ನಿಂತಿದ್ದ ಶೆಪ್ಕೆ ಆ ಹೊಡೆತಕ್ಕೆ ಸಿಕ್ಕಿ ಸತ್ತ. ಅವನ ಜನರಲ್ಲಿ ಬದುಕಿದವರು ಆರೇ ಮಂದಿ. ಹಡಗಿನ ರಾಡಾರ್ ಹಿಡಿದುಕೊಟ್ಟ ಸುಳಿವಿನಿಂದ ಮುಳುಗಿದ ಮೊದಲ ಜಲಾಂತರ್ಗಾಮಿ ಎಂದು ಇತಿಹಾಸಕಾರರು ಯು-100ನ್ನು ಗುರುತಿಸುತ್ತಾರೆ.

ಮುಂದಿನದು ಈ ಕತೆಯಲ್ಲಿ ನನಗೆ ಬಹಳ ಮುಖ್ಯವೆನಿಸುವ ಭಾಗ. ಗುದ್ದಿದ ರಭಸಕ್ಕೆ ವ್ಯಾನಕ್ ನಿಂತುಬಿಟ್ಟಿತ್ತು. ಅದು ನೀರಿನಲ್ಲಿ ಬಿದ್ದವರನ್ನು ಎತ್ತಿಕೊಳ್ಳುತ್ತಿತ್ತು. ನಿಂತ ಹಡಗು ಯಾರಿಗಾದರೂ ಸುಲಭದ ಗುರಿ. ವಾಕರ್ ಅದರ ಸುತ್ತ ಕಾವಲು ಸುತ್ತುತ್ತಿತ್ತು. ಆಗ ವಾಕರ್‌ನ ಆಸ್ಡಿಕ್ ಮುಂದೆ ಕೂತಿದ್ದ ನಾವಿಕ, ಪ್ರತಿಧ್ವನಿ ಸಿಗುತ್ತಿದೆ ಎಂದ. ಎಲ್ಲಿ? ವ್ಯಾನಕ್‌ನ ಹಿಂಬದಿಗೇ. ಮ್ಯಾಕಿಂಟೈರ್ ನಂಬಲಿಲ್ಲ. ಒಂದು ಜಲಾಂತರ್ಗಾಮಿ ಮುಳುಗಿದ ಜಾಗದಲ್ಲೇ ಇನ್ನೊಂದು ಇರುವುದು ಸಾಧ್ಯವೇ? ಎರಡು ಡೆಸ್ಟ್ರಾಯರುಗಳು ಅಡ್ಡಾದಿಡ್ಡಿ ಓಡಿ ಕದಡಿದ ನೀರು ಅದು, ಅದರದೇ ಪ್ರತಿಧ್ವನಿ ಇರಬೇಕು ಎಂಬುದು ಅವನ ಎಣಿಕೆ. ಎಣಿಕೆ ತರ್ಕಕ್ಕೆ ಸರಿಯಾಗಿಯೇ ಇತ್ತು. ಆದರೆ ಆ ನಾವಿಕ ಪಟ್ಟು ಬಿಡಲಿಲ್ಲ. ಇದು ಜಲಾಂತರ್ಗಾಮಿಯೇ ಎಂದ. ಎರಡು ದಿನದಿಂದ ನಿದ್ದೆಯಿಲ್ಲದ ಕಮಾಂಡರ್, ಕೆಳದರ್ಜೆಯ ಒಬ್ಬ ನಾವಿಕನ ಕಿವಿಯ ಮೇಲೆ ಭರವಸೆಯಿಟ್ಟು ಹಡಗು ತಿರುಗಿಸಿದ. ಆರು ಡೆಪ್ತ್ ಚಾರ್ಜ್ ಬಿದ್ದವು.

ಕೆಲವೇ ನಿಮಿಷಗಳಲ್ಲಿ ನೀರಿನ ಮೇಲೆ ಬಂದದ್ದು ಯು-99.

ಕ್ರೆಚ್ಮರ್‌ನ ಟಾರ್ಪೆಡೊಗಳೆಲ್ಲ ಮುಗಿದು ಅವನು ಮನೆಯ ದಾರಿ ಹಿಡಿದಿದ್ದ. ಕತ್ತಲಲ್ಲಿ ಎದುರಿಗೆ ಡೆಸ್ಟ್ರಾಯರ್ ಕಂಡಾಗ ಪಾಳಿಯಲ್ಲಿದ್ದ ಅವನ ಅಧಿಕಾರಿ ಗಾಬರಿಯಾಗಿ ಜಲಾಂತರ್ಗಾಮಿಯನ್ನು ಮುಳುಗಿಸಿಬಿಟ್ಟ. ರಾತ್ರಿ ಎಂಥ ಹೊತ್ತಿನಲ್ಲೂ ನೀರಿನ ಮೇಲೆಯೇ ಇರಬೇಕು ಎಂಬುದು ಕ್ರೆಚ್ಮರ್ ಹಾಕಿಕೊಟ್ಟಿದ್ದ ನಿಯಮ. ಅದು ತಪ್ಪಿದ ಗಳಿಗೆಯಲ್ಲೇ ಅವನು ಆಸ್ಡಿಕ್ಕಿನ ಕಿವಿಗೆ ಸಿಕ್ಕಿದ. ವಾಕರ್ ಮತ್ತು ವ್ಯಾನಕ್ ಫಿರಂಗಿ ಹಾರಿಸಿದವು. ಯು-99ರಿಂದ ದೀಪದ ಮೂಲಕ ಇಂಗ್ಲಿಷಿನಲ್ಲಿ ಸಂದೇಶ ಬಂತು: ಮುಳುಗುತ್ತಿದ್ದೇವೆ. ಮ್ಯಾಕಿಂಟೈರ್ ಗುಂಡು ನಿಲ್ಲಿಸಿ ಹಡಗಿನ ಪಕ್ಕಕ್ಕೆ ಬಲೆ ಇಳಿಬಿಡಿಸಿದ. 40 ಜನರನ್ನು ಮೇಲಕ್ಕೆತ್ತಿಕೊಂಡರು. ಕೊನೆಗೆ ಹತ್ತಿದವನು ಕ್ರೆಚ್ಮರ್, ಕೊರಳಲ್ಲಿ ದುರ್ಬೀನು ನೇತಾಡುತ್ತಲೇ ಇತ್ತು. ಯು-99ರಲ್ಲಿ ಸತ್ತವರು ಮೂವರು. ಜಲಾಂತರ್ಗಾಮಿ ಬೇಗ ಮುಳುಗಲೆಂದು ಒಳಗೆ ಹೋದ ಅದರ ಎಂಜಿನಿಯರ್ ಅವರಲ್ಲೊಬ್ಬ.

ಈಗ ವಾಕರ್‌ನ ಇಕ್ಕಟ್ಟಿನ ಒಡಲಲ್ಲಿ ಯಾರ್ಯಾರಿದ್ದರು ನೋಡಿ. ಹಡಗಿನ ಸ್ವಂತ ಜನ. ಹಿಂದಿನ ತಾಸುಗಳಲ್ಲಿ ನೀರಿನಿಂದ ಎತ್ತಿಕೊಂಡಿದ್ದ, ಮುಳುಗಿದ ಜೆ.ಬಿ. ವೈಟ್‌ನ ಜನ. ಈಗ ಅವರನ್ನು ಮುಳುಗಿಸಿದ ಜರ್ಮನರು. ಲಿವರ್‌ಪೂಲ್ ಮುಟ್ಟುವವರೆಗೆ ಎಲ್ಲರೂ ಒಟ್ಟಿಗೇ ಇರಬೇಕಿತ್ತು. ಮೊದಲಿಗೆ ಬಿಗುವಿತ್ತು, ಇರದೆ ಹೇಗೆ? ಕೊನೆಕೊನೆಗೆ ಜೆ.ಬಿ. ವೈಟ್‌ನ ಕ್ಯಾಪ್ಟನ್, ವಾಕರ್‌ನ ಎಂಜಿನಿಯರ್ ಮತ್ತು ಕ್ರೆಚ್ಮರ್ ಒಂದೇ ಮೇಜಿಗೆ ಕೂತು ಇಸ್ಪೀಟು ಆಡಿದರೆಂದು ಮ್ಯಾಕಿಂಟೈರ್ ಆಮೇಲೆ ಬರೆದಿದ್ದಾನೆ. ಯು-99ರ ಗುರುತು ಚಿನ್ನದ ಬಣ್ಣದ ಕುದುರೆಲಾಳ. ವಾಕರ್‌ನ ಲಾಂಛನವೂ ಕುದುರೆಲಾಳವೇ, ಆದರೆ ತಲೆಕೆಳಗಾಗಿ. ಇದನ್ನು ಮೊದಲು ಗಮನಿಸಿದವನೂ ಕ್ರೆಚ್ಮರ್. ಅವನ ದುರ್ಬೀನನ್ನು ಮ್ಯಾಕಿಂಟೈರ್ ಇಟ್ಟುಕೊಂಡ, ಯುದ್ಧ ಮುಗಿಯುವವರೆಗೆ ಸಮುದ್ರದಲ್ಲಿ ಬಳಸಿದ. 1950ರ ದಶಕದಲ್ಲಿ ಇಬ್ಬರೂ ಭೇಟಿಯಾದಾಗ ಒಡೆಯನಿಗೆ ಹಿಂತಿರುಗಿಸಿದ.

ಒಂದೇ ತಿಂಗಳಲ್ಲಿ ಮೂವರು ವೀರರನ್ನು ಕಳೆದುಕೊಂಡದ್ದು ಜರ್ಮನಿಗೆ ದೊಡ್ಡ ಪೆಟ್ಟು. ಕ್ರೆಚ್ಮರ್ ಯುದ್ಧದ ಉಳಿದ ನಾಲ್ಕು ವರ್ಷಗಳನ್ನು ಸೆರೆಯಲ್ಲಿ ಕಳೆದ. ಹಾಗಿದ್ದೂ ಇಡೀ ಯುದ್ಧದಲ್ಲಿ ಅವನಿಗಿಂತ ಹೆಚ್ಚು ಹಡಗು ಮುಳುಗಿಸಿದ ಜಲಾಂತರ್ಗಾಮಿ ಕಮಾಂಡರ್ ಇನ್ನೊಬ್ಬ ಬರಲಿಲ್ಲ. ಮಾರ್ಚ್ 17ರ ಆ ನಸುಕಿನ ಬೆಲೆ ಏನೆಂದು ಇದರಿಂದಲೇ ಅಂದಾಜು ಮಾಡಬಹುದು.

ಸರಕು ಹಡಗುಗಳ ಜನರ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಬ್ರಿಟನ್ನಿನ ವ್ಯಾಪಾರಿ ಹಡಗುಗಳಲ್ಲಿ ಆಗ ಸಾವಿರಾರು ಭಾರತೀಯರು ದುಡಿಯುತ್ತಿದ್ದರು. ಲಸ್ಕರ್ ಎಂದು ಅವರನ್ನು ಕರೆಯುತ್ತಿದ್ದರು. ಸಿಲ್ಹೆಟ್, ಚಿತ್ತಗಾಂಗ್ ಕಡೆಯವರು, ರತ್ನಾಗಿರಿಯ ಕೊಂಕಣಿಗರು, ಗೋವಾದವರು. ಬಾಯ್ಲರಿಗೆ ಕಲ್ಲಿದ್ದಲು ಹಾಕುವುದು, ಎಂಜಿನ್ನಿಗೆ ಎಣ್ಣೆ ಬಿಡುವುದು, ಅಡುಗೆ, ಬಡಿಸುವುದು ಅವರ ಕೆಲಸ. ಟಾರ್ಪೆಡೊ ಎಂಜಿನ್ ಕೋಣೆಗೆ ಬಡಿದರೆ ಅಲ್ಲಿಂದ ಮೇಲೆ ಹತ್ತಿಬರುವವರು ಕಡಿಮೆ. ಅದೇ ಹಡಗಿನ ಬಿಳಿಯ ನಾವಿಕನಿಗಿಂತ ಅವರ ಸಂಬಳ ಬಹಳ ಕಡಿಮೆ. 1939ರಲ್ಲಿ ಯುದ್ಧ ಶುರುವಾಗುತ್ತಲೇ ಅವರು ಬ್ರಿಟಿಷ್ ಬಂದರುಗಳಲ್ಲಿ ಮುಷ್ಕರ ಹೂಡಿದರು, ಹಲವರು ಜೈಲಿಗೂ ಹೋದರು. ಆಮೇಲೆ ಮತ್ತೆ ಹಡಗು ಹತ್ತಿದರು. ಅವಿಭಜಿತ ಭಾರತದ ಆರು ಸಾವಿರಕ್ಕೂ ಹೆಚ್ಚು ವ್ಯಾಪಾರಿ ನಾವಿಕರು ಆ ಯುದ್ಧದಲ್ಲಿ ಸತ್ತರು. ವಾಕರ್‌ನಂಥ ಹಡಗುಗಳು ಕಾಯುತ್ತಿದ್ದದ್ದು ಗೋಧಿ ಮತ್ತು ಪೆಟ್ರೋಲನ್ನು ಮಾತ್ರವಲ್ಲ, ಈ ಜನರನ್ನೂ. ಬ್ರಿಟಿಷರ ಯುದ್ಧ, ನಮಗೇನು ಎಂದು ಈ ಕತೆಯನ್ನು ಪಕ್ಕಕ್ಕೆ ಸರಿಸಲು ನನಗೆ ಆಗದಿರುವುದು ಅದಕ್ಕೇ.

1943ರಲ್ಲಿ ವಾಕರ್‌ಗೆ ದೊಡ್ಡ ಶಸ್ತ್ರಚಿಕಿತ್ಸೆ ನಡೆಯಿತು. ಆ ವರ್ಗದ ಸುಮಾರು ಇಪ್ಪತ್ತು ಹಡಗುಗಳಿಗೆ ಮಾಡಿದ ಬದಲಾವಣೆ ಅದು. ಮುಂದಿನ ಬಾಯ್ಲರನ್ನು ಕಿತ್ತು ಹಾಕಿದರು. ಅದರ ಜೊತೆಗೆ ಒಂದು ಹೊಗೆಗೊಳವೆಯೂ ಹೋಯಿತು. ತೆರವಾದ ಜಾಗದ ಕೆಳಭಾಗದಲ್ಲಿ ಎಣ್ಣೆಯ ಟ್ಯಾಂಕ್, ಮೇಲ್ಭಾಗದಲ್ಲಿ ನಾವಿಕರು ಮಲಗಲು ಜಾಗ. ವೇಗ 34ರಿಂದ 25 ನಾಟ್‌ಗೂ ಕೆಳಗಿಳಿಯಿತು. ಯಾವ ಗುಣಕ್ಕೆಂದು ಆ ಹಡಗನ್ನು ಕಟ್ಟಿದ್ದರೋ ಆ ಗುಣವನ್ನೇ ಕಿತ್ತು ತೆಗೆದರು. ಬದಲಿಗೆ ದಕ್ಕಿದ್ದು ದೂರ. ಅಟ್ಲಾಂಟಿಕ್ಕನ್ನು ಗುಂಪಿನ ಜೊತೆ ಪೂರ್ತಿ ದಾಟಬಲ್ಲ ತಾಕತ್ತು. ಮುಂದಿನ ಒಂದು ಫಿರಂಗಿಯನ್ನು ತೆಗೆದು ‘ಹೆಜ್‌ಹಾಗ್’ ಎಂಬ ಆಯುಧ ಕೂರಿಸಿದರು. 24 ಸಣ್ಣ ಬಾಂಬುಗಳನ್ನು ಒಟ್ಟಿಗೆ ಹಡಗಿನ ಮುಂದಕ್ಕೆ ಎಸೆಯುವ ಸಾಧನ. ಆಸ್ಡಿಕ್‌ನ ದನಿ ತಪ್ಪುವ ಮೊದಲೇ, ಗುರಿ ಇನ್ನೂ ಮುಂದಿರುವಾಗಲೇ ಹೊಡೆಯಬಹುದು. ತಾಗಿದರೆ ಮಾತ್ರ ಸಿಡಿಯುತ್ತದೆ. ತಾಗದಿದ್ದರೆ ನೀರು ಕದಡುವುದಿಲ್ಲ, ಹುಡುಕಾಟ ಮುಂದುವರಿಸಬಹುದು. 1941ರಲ್ಲಿ ಕಾಡಿದ್ದ ತೊಂದರೆಗೆ ಇದು ಉತ್ತರ. ಜೊತೆಗೆ ತಿರುಗುವ ಆಂಟೆನಾದ ಹೊಸ ರಾಡಾರ್. ರಾತ್ರಿ ನೀರಿನ ಮೇಲೆ ನುಸುಳುವ ಕ್ರೆಚ್ಮರನ ವಿದ್ಯೆ ಅಲ್ಲಿಗೆ ಮುಗಿಯಿತು.

ಹೀಗೆ ಹೊಸದಾಗಿ ಬಂದ ವಾಕರ್ 1944ರಲ್ಲಿ ರಷ್ಯಾದ ದಾರಿ ಹಿಡಿಯಿತು. ಸ್ಕಾಟ್ಲೆಂಡಿನಿಂದ ಹೊರಟು, ನಾರ್ವೆಯ ಉತ್ತರವನ್ನು ಸುತ್ತಿ, ಕೋಲಾ ಕೊಲ್ಲಿಗೆ ಹೋಗುವ ದಾರಿ. ಅಲೆ ಡೆಕ್ಕಿನ ಮೇಲೆ ಬಿದ್ದಲ್ಲೇ ಮಂಜುಗಡ್ಡೆಯಾಗುತ್ತದೆ. ಗಡ್ಡೆ ಬೆಳೆದಂತೆ ಮೇಲ್ಭಾಗ ಭಾರವಾಗಿ ಹಡಗು ಮಗುಚುವ ಅಪಾಯ. ಸಪೂರ ಒಡಲಿನ ಹಳೆಯ ಡೆಸ್ಟ್ರಾಯರಿಗೆ ಆ ಅಪಾಯ ಇನ್ನೂ ಹೆಚ್ಚು. ಪಾಳಿಯ ಮೇಲೆ ಕೊಡಲಿ, ಸುತ್ತಿಗೆ ಹಿಡಿದು ಗಡ್ಡೆ ಒಡೆಯುವುದು ನಾವಿಕರ ನಿತ್ಯದ ಕೆಲಸವಾಯಿತು.

ಮಾರ್ಚ್ 27ರಂದು ಜೆಡಬ್ಲ್ಯೂ 58 ಎಂಬ ಗುಂಪು ಹೊರಟಿತು. 49 ಸರಕು ಹಡಗುಗಳು. ಬೆಂಗಾವಲಿಗೆ ಎರಡು ವಿಮಾನವಾಹಕ ಹಡಗುಗಳು, ಒಂದು ಕ್ರೂಸರ್, ಡೆಸ್ಟ್ರಾಯರುಗಳ ದೊಡ್ಡ ತಂಡ. ಆ ತಂಡದಲ್ಲಿ ವಾಕರ್ ಜೊತೆ ಅದೇ ವರ್ಗದ ವೆಸ್ಟ್‌ಕಾಟ್, ವೈಟ್‌ಹಾಲ್, ರೆಸ್ಲರ್ ಇದ್ದವು. ಜರ್ಮನಿಯ ಜಲಾಂತರ್ಗಾಮಿಗಳು ಹಿಂಡಾಗಿ ಬಂದವು, ಮತ್ತೆ ಮತ್ತೆ ಪ್ರಯತ್ನಿಸಿದವು. ಅವುಗಳಲ್ಲಿ ನಾಲ್ಕು ಮುಳುಗಿದವು. ಸರಕು ಹಡಗು ಒಂದನ್ನೂ ಅವು ಮುಳುಗಿಸಲಾಗಲಿಲ್ಲ. ಆ ನಾಲ್ಕರಲ್ಲಿ ಒಂದನ್ನೂ ಮುಳುಗಿಸಿದ ಕೀರ್ತಿ ವಾಕರ್‌ಗೆ ಇಲ್ಲ. ಗುಂಪಿನ ಸುತ್ತ ತನಗೆ ಒಪ್ಪಿಸಿದ ಜಾಗದಲ್ಲಿ ನಿಂತು ಅದು ಕಾವಲು ಕಾಯಿತು.

ಹಡಗಿನ ಇತಿಹಾಸ ಬರೆದವರೆಲ್ಲ ವಾಕರ್ ಎಂದರೆ 1941ರ ಮಾರ್ಚ್ ಎನ್ನುತ್ತಾರೆ. ಆ ರಾತ್ರಿಯ ಧೈರ್ಯವನ್ನು ಕಡಿಮೆ ಮಾಡುವ ಮಾತೇ ಇಲ್ಲ. ಆದರೆ ಬೆಂಗಾವಲು ಹಡಗಿಗೆ ಒಪ್ಪಿಸಿದ ಕೆಲಸ ಏನು? ಶತ್ರುವನ್ನು ಮುಳುಗಿಸುವುದು ಅದಕ್ಕೆ ದಾರಿ ಅಷ್ಟೆ. ಕೆಲಸ ಎಂದರೆ ಜೊತೆಗಿರುವ ಹಡಗುಗಳನ್ನು ಊರು ಮುಟ್ಟಿಸುವುದು. ಎಚ್‌ಎಕ್ಸ್ 112ರಲ್ಲಿ ಇಬ್ಬರು ವೀರರು ಸೋತರು, ಐದು ಸರಕು ಹಡಗುಗಳೂ ಹೋದವು. ಜೆಡಬ್ಲ್ಯೂ 58ರಲ್ಲಿ ವಾಕರ್‌ನ ಹೆಸರು ಯಾರ ಬಾಯಿಗೂ ಬರಲಿಲ್ಲ, ಶತ್ರುವಿನ ಕೈಗೆ ಒಂದು ಹಡಗೂ ಸಿಗಲಿಲ್ಲ. ನನ್ನ ಲೆಕ್ಕದಲ್ಲಿ ಎರಡನೆಯದೇ ಮೇಲು. 26 ವರ್ಷ ದಾಟಿದ, ವೇಗ ಕಳೆದುಕೊಂಡ ಆ ಹಡಗು ತನ್ನ ಕೆಲಸವನ್ನು ಪೂರ್ತಿಯಾಗಿ ಮಾಡಿದ್ದು ಆ ಯಾನದಲ್ಲಿ.

ಯುದ್ಧ ಮುಗಿಯಿತು. ಎಚ್‌ಎಕ್ಸ್ 112ರ ಆ ರಾತ್ರಿ ಕಳೆದು ಐದು ವರ್ಷಕ್ಕೆ, 1946ರ ಮಾರ್ಚ್‌ನಲ್ಲಿ, ವಾಕರ್ ಗುಜರಿಗೆ ಮಾರಾಟವಾಯಿತು. ಸ್ಕಾಟ್ಲೆಂಡಿನ ಟ್ರೂನ್ ಬಂದರಿನಲ್ಲಿ ಅದನ್ನು ಒಡೆದು ಹಾಕಿದರು.